ಕುಸುಬೆಯೆಣ್ಣೆಯೂ ಹೃದಯವೂ

ರೋಣ, ನರಗುಂದಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆಗಳ ಜೊತೆಗೆ ನಿಲ್ಲುವ ಮುಳ್ಳಿನ ಕುಸುಬೆಯನ್ನು ವಾಚಕರು ಬಲ್ಲರಷ್ಟೆ. ಸಂಸ್ಕೃತದ ಕುಸುಂಭವೇ ನಮ್ಮ ಕುಸುಬೆ. ಹಿಂದೆ ಬಟ್ಟೆಗೆ ಬಣ್ಣ ಕೊಟ್ಟ ಹೂವೂ ಇದರದೇ. ಈಗ ಪೇಟೆಗೆ ಆಲಿವ್ ಎಣ್ಣೆಯ ಸೀಸೆ ಬಂದಿದೆ. ಕನ್ನಡ ಬೈಬಲ್ಲಿನಲ್ಲಿ ಆ ಗಿಡಕ್ಕೆ ಎಣ್ಣೆಮರವೆಂದೇ ಹೆಸರು. ಹೃದಯಕ್ಕೆ ಹಿತವೆಂದು ಮಾರುವ ಈ ದುಬಾರಿ ಎಣ್ಣೆಗಾಗಿ ನಮ್ಮ ಗಾಣದೆಣ್ಣೆಯನ್ನು ಬಿಡಬೇಕೆ? ತುಸು ವಿಚಾರಿಸೋಣ.

ಆಲಿವ್ ಎಣ್ಣೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಓಲಿಯಿಕ್ ಆಮ್ಲ. ಕುಸುಬೆಯಲ್ಲಿ ಸುಮಾರು 75 ಪಾಲು ಲಿನೋಲಿಯಿಕ್ ಆಮ್ಲ. ತುಪ್ಪ, ವನಸ್ಪತಿಗಳ ಬದಲು ಯಾವುದನ್ನು ಬಳಸಿದರೂ ರಕ್ತದ ಕೆಟ್ಟ ಕೊಲೆಸ್ಟರಾಲು ಇಳಿಯುತ್ತದೆ. ಈ ಕೆಲಸದಲ್ಲಿ ಕುಸುಬೆಯದು ಒಂದು ಕೈ ಮೇಲೆಯೇ.

ಆದರೆ ಕೊಲೆಸ್ಟರಾಲು ಇಳಿದ ಮಾತ್ರಕ್ಕೆ ಆಯುಷ್ಯ ಹೆಚ್ಚಿತೆಂದು ತಿಳಿಯಬೇಡಿರಿ. 1966ರಿಂದ 1973ರವರೆಗೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹೃದ್ರೋಗಕ್ಕೆ ತುತ್ತಾಗಿದ್ದ 458 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಣ್ಣೆ ಮುಂತಾದ ಕೊಬ್ಬಿನ ಬದಲು ಕುಸುಬೆಯೆಣ್ಣೆಯನ್ನೂ ಅದರ ಮಾರ್ಗರೀನನ್ನೂ ಕೊಟ್ಟರು. ಹಳೆಯ ಲೆಕ್ಕಗಳನ್ನು ಹೊರತೆಗೆದು ಮತ್ತೆ ಪರಿಶೀಲಿಸಿದ ವರದಿ 2013ರಲ್ಲಿ ಬಂದಿತು. ಎಣ್ಣೆ ಉಂಡವರ ಕೊಲೆಸ್ಟರಾಲು ಇಳಿದಿತ್ತು. ಆದರೆ ಅವರಲ್ಲಿ ಸತ್ತವರು ನೂರಕ್ಕೆ 17.6, ಉಳಿದವರಲ್ಲಿ 11.8! ಗುಂಪು ಚಿಕ್ಕದು, ಅವರು ಉಂಡ ಪ್ರಮಾಣ ನಮ್ಮ ಒಗ್ಗರಣೆಯ ಅಳತೆಯದಲ್ಲ. ಆದುದರಿಂದ ಕುಸುಬೆಯನ್ನು ವಿಷವೆನ್ನಲಾಗದು, ಸಂಜೀವಿನಿಯೆಂದೂ ಹೊಗಳಲಾಗದು.

ಆಲಿವಿನ ಹೆಚ್ಚುಗಾರಿಕೆ ಬೇರೆಯದು. ಹಣ್ಣನ್ನು ಕಾಯಿಸದೆ ಅರೆದು ತೆಗೆದ ಎಣ್ಣೆಯಲ್ಲಿ ಪಾಲಿಫೀನಾಲುಗಳೆಂಬ ಕಹಿ ವಸ್ತುಗಳುಂಟು. ಗಂಟಲು ಚುರುಗುಟ್ಟಿಸುವ ಓಲಿಯೊಕ್ಯಾಂಥಾಲ್ ಅವುಗಳಲ್ಲೊಂದು. ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಬಳಗದವು ದಿನಕ್ಕೆ 5 ಮಿಲಿಗ್ರಾಂ ದೊರೆತರೆ, ರಕ್ತದ ಕೊಬ್ಬು ಆಮ್ಲಜನಕದಿಂದ ಕೆಡದಂತೆ ಕಾಯುತ್ತವೆಂದು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2011ರಲ್ಲಿ ಒಪ್ಪಿತು. ಸಂಸ್ಕರಿಸಿದ ಅಗ್ಗದ ಆಲಿವ್ ಎಣ್ಣೆಯಲ್ಲಿ ಇವು ಬಹುಮಟ್ಟಿಗೆ ಹೋಗಿರುತ್ತವೆ. ಸೀಸೆ ಕೊಳ್ಳುವವರು ಚೀಟಿಯನ್ನು ಓದಿರಿ.

ಒಂದು ಸೋಜಿಗವನ್ನು ಹೇಳಲೇಬೇಕು. ಆಲಿವಿನಂತೆಯೇ ಓಲಿಯಿಕ್ ಆಮ್ಲ ತುಂಬಿದ ಕುಸುಬೆಯೂ ಉಂಟು. ಅದರ ಮೂಲಬೀಜ ಹೋದದ್ದು ಭಾರತದಿಂದ. ತಳಿಯಾಗಿ 1966ರಲ್ಲಿ ಹೊರಬಂದದ್ದು ಕ್ಯಾಲಿಫೋರ್ನಿಯದಲ್ಲಿ!

ಮನೆಯ ಮಾತಿಗೆ ಬರೋಣ. ಸಾಮಾನ್ಯ ಕುಸುಬೆಯೆಣ್ಣೆಯು ಬಲುಬೇಗ ಕಮಟಾಗುತ್ತದೆ. ಆದುದರಿಂದ ಬಜಿ, ಪೂರಿ ಕರಿದು ಉಳಿದುದನ್ನು ಮರುದಿನ ಕಾಯಿಸಬೇಡಿರಿ. ಜೋಳದ ರೊಟ್ಟಿಯ ಮೇಲೆ ಗುರೆಳ್ಳು ಪುಡಿಗೆ ಹಸಿಯಾಗಿಯೇ ಹಾಕಿಕೊಳ್ಳಿರಿ. ಗಜೇಂದ್ರಗಡದ ಕಡೆಯವರಿಗೆ ಶೇಂಗಾ ಎಣ್ಣೆಯಿದೆ. ಅದರಲ್ಲಿ ಸರಿಸುಮಾರು ಅರ್ಧ ಪಾಲು ಓಲಿಯಿಕ್ ಆಮ್ಲವೇ. ಎದೆನೋವು ಒಮ್ಮೆ ಬಂದುಹೋದವರು ಮಾತ್ರ ಎಣ್ಣೆ ಬದಲಿಸಿದೆವೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸತಕ್ಕದ್ದಲ್ಲ.