ಒಂದು ಅಲ್ಪವಿರಾಮಕ್ಕೆ ಒಂದು ತೋಟ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕದ ಹೆಸರು ಕೇಳಿದರೇ ಆತಂಕ. ತೋಟದ ಮಾತಿನಲ್ಲಿ ಅದು ಬರೀ ‘ಬೋರರ್’. ದುಂಬಿ ಅರೇಬಿಕಾ ಗಿಡದ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಒಳಗೊಳಗೇ ಕೊರೆಯುತ್ತದೆ. ಹುಳು ಹಿಡಿದ ಗಿಡವನ್ನು ಗುರುತಿಸಿ, ಕಿತ್ತು, ಸುಡಬೇಕಾಗುತ್ತದೆ.

ತೋಟದ ರೈಟರ್ ಕೈಗೆ ಮಾಲೀಕರಿಂದ ಇಂಗ್ಲಿಷಿನ ಚೀಟಿಯೊಂದು ಬಂತೆಂದು ಇಟ್ಟುಕೊಳ್ಳಿ: ‘ಅಪ್‌ರೂಟ್ ದಿ ಪ್ಲಾಂಟ್ಸ್ ವಿಚ್ ಹ್ಯಾವ್ ಬೋರರ್.’ ಬೋರರ್ ಹಿಡಿದ ಗಿಡಗಳನ್ನಷ್ಟೇ ಕೀಳಿಸಿ, ಉಳಿದವನ್ನು ಮುಟ್ಟಬೇಡಿ ಎಂದು ಇದರ ಅರ್ಥ.

ಇದೇ ಚೀಟಿಯಲ್ಲಿ ‘ಪ್ಲಾಂಟ್ಸ್’ ಆದಮೇಲೆ ಒಂದು ಅಲ್ಪವಿರಾಮ ಬಿದ್ದರೆ? ‘ಅಪ್‌ರೂಟ್ ದಿ ಪ್ಲಾಂಟ್ಸ್, ವಿಚ್ ಹ್ಯಾವ್ ಬೋರರ್.’ ಈಗ ಅರ್ಥವೇ ಬೇರೆ: ಗಿಡಗಳನ್ನೆಲ್ಲ ಕೀಳಿಸಿ, ಅವುಗಳಿಗೆ ಬೋರರ್ ಹಿಡಿದಿದೆ! ಹೊಸದಾಗಿ ನೆಟ್ಟ ಗಿಡ ಫಸಲಿಗೆ ಬರಲು 3-4 ವರ್ಷ ಕಾಯಬೇಕು. ಅಲ್ಪವಿರಾಮ ಹೆಸರಿಗೆ ಮಾತ್ರ ಅಲ್ಪ.

ಇಂಗ್ಲಿಷಿನಲ್ಲಿ ‘ಹೂ’, ‘ವಿಚ್’ ಮುಂತಾದ ಪದಗಳಿಂದ ಆರಂಭವಾಗುವ ಉಪವಾಕ್ಯಗಳು ಎರಡು ಬಗೆಯ ಕೆಲಸ ಮಾಡುತ್ತವೆ. ಒಂದು, ಹಲವರಲ್ಲಿ ಇಂಥವರೇ ಎಂದು ಆರಿಸಿ ತೋರಿಸುವುದು. ಇದಕ್ಕೆ ಅಲ್ಪವಿರಾಮ ಬೇಡ. ಇನ್ನೊಂದು, ಯಾರೆಂದು ಮೊದಲೇ ಗೊತ್ತಿರುವವರ ಬಗ್ಗೆ ಹೆಚ್ಚಿನ ವಿವರ ಕೊಡುವುದು. ಇದಕ್ಕೆ ಅಲ್ಪವಿರಾಮ ಬೇಕೇ ಬೇಕು. ಆ ವಿವರವನ್ನು ತೆಗೆದುಹಾಕಿದರೂ ಉಳಿದ ವಾಕ್ಯ ಯಾರ ಬಗ್ಗೆ ಎಂಬುದು ತಿಳಿಯುತ್ತದೆ.

ನಮ್ಮ ಮಕ್ಕಳು ಇಲ್ಲಿ ಎಡವುವುದೇಕೆ? ಕನ್ನಡದಲ್ಲಿ ಈ ಕೆಲಸವನ್ನು ‘ಇರುವ’, ‘ಬಂದ’, ‘ಹೋಗುವ’ ಎಂಬಂಥ ಕೃದಂತಗಳು ಮಾಡುತ್ತವೆ. ‘ಮೂಡಿಗೆರೆಯಲ್ಲಿರುವ ನನ್ನ ಅಣ್ಣ ಬಂದ’ ಎಂದಾಗ ಅಣ್ಣ ಒಬ್ಬನೇ ಇದ್ದಾನೋ, ಮೂವರು ಅಣ್ಣಂದಿರಲ್ಲಿ ಮೂಡಿಗೆರೆಯವನು ಮಾತ್ರ ಬಂದನೋ ತಿಳಿಯದು. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಬರೆಯುವ ಇಂಗ್ಲಿಷ್ ಅದನ್ನು ಸಂದರ್ಭಕ್ಕೆ ಬಿಡದೆ ಚಿಹ್ನೆಗೆ ವಹಿಸುತ್ತದೆ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೂಡಿಗೆರೆ, ಹ್ಯಾಸ್ ಕಮ್’ ಎಂದು ಬರೆದರೆ ಅಣ್ಣ ಒಬ್ಬನೇ. ಆ ಎರಡು ಅಲ್ಪವಿರಾಮ ತೆಗೆದರೆ, ಬೇರೆ ಅಣ್ಣಂದಿರೂ ಇದ್ದಾರೆಂದಾಯಿತು.

ಅಲ್ಪವಿರಾಮವೆಂದರೆ ಉಸಿರು ತೆಗೆದುಕೊಳ್ಳುವ ಜಾಗ ಎಂದಷ್ಟೇ ತಿಳಿದ ವಿದ್ಯಾರ್ಥಿಗೆ ಇದು ಹೊಳೆಯುವುದಿಲ್ಲ. ಹಾಗಾದರೆ ಪರೀಕ್ಷಿಸುವುದು ಹೇಗೆ? ಕನ್ನಡದಲ್ಲೇ ಅದಕ್ಕೊಂದು ಒರೆಗಲ್ಲು ಇದೆ. ವಾಕ್ಯವನ್ನು ‘ಯಾವ... ಆ...’ ಎಂದು ತಿರುಗಿಸಿ ನೋಡಿ. ‘ಯಾವ ಗಿಡಗಳಿಗೆ ಬೋರರ್ ಹಿಡಿದಿದೆಯೋ ಆ ಗಿಡಗಳನ್ನು ಕೀಳಿಸಿ.’ ನಾವು ಹೇಳಬೇಕೆಂದಿದ್ದುದು ಇದೇ ಆಗಿದ್ದರೆ ಅಲ್ಪವಿರಾಮ ಬೇಡ. ‘ಯಾವ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರವೋ ಆ ಮುಳ್ಳಯ್ಯನಗಿರಿ’ ಎಂದರೆ ಕೇಳಿದವರು ನಕ್ಕಾರು. ಇರುವುದೇ ಒಂದು ಮುಳ್ಳಯ್ಯನಗಿರಿ, ಅದರಲ್ಲಿ ಆರಿಸುವುದೇನು? ಅಲ್ಲಿ ಅಲ್ಪವಿರಾಮ ಬೇಕು.

ಊರು, ಬೆಟ್ಟ, ಹೊಳೆ, ವ್ಯಕ್ತಿಗಳ ಅಂಕಿತನಾಮಗಳ ಮುಂದೆ ಸಾಮಾನ್ಯವಾಗಿ ಹೀಗೆಯೇ. ‘ಕಳಸ, ವಿಚ್ ಸ್ಟ್ಯಾಂಡ್ಸ್ ಆನ್ ದಿ ಭದ್ರಾ’. ‘ತೇಜಸ್ವಿ, ಹೂ ಲಿವ್ಡ್ ಇನ್ ಮೂಡಿಗೆರೆ, ರೋಟ್ ಕರ್ವಾಲೊ’. ಎರಡನೆಯ ಉದಾಹರಣೆಯಲ್ಲಿ ವಿವರ ವಾಕ್ಯದ ನಡುವೆ ಬಂದಿರುವುದರಿಂದ ಅಲ್ಪವಿರಾಮಗಳೂ ಎರಡು. ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆಯುವುದು ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪು. ಕಂಸ ತೆರೆದವರು ಮುಚ್ಚಲೇಬೇಕಲ್ಲವೇ? ಇದೂ ಹಾಗೆಯೇ. ಇನ್ನೊಂದು ಮಾತು: ಅಲ್ಪವಿರಾಮ ಬೇಕಾದ ಇಂಥ ಕಡೆ ‘ವಿಚ್’ ಬದಲಿಗೆ ‘ದಟ್’ ಬಳಸುವುದಿಲ್ಲ.

ಇಂಗ್ಲಿಷ್ ಬಾರದ ತಂದೆ-ತಾಯಿಯರು ಮಕ್ಕಳ ಇಂಗ್ಲಿಷ್ ಪಾಠ ತಮಗೆ ಸಂಬಂಧಿಸಿದ್ದಲ್ಲವೆಂದು ದೂರ ಉಳಿಯುವುದುಂಟು. ಇಲ್ಲಿ ಮಾತ್ರ ಅವರೂ ಪಾಠ ಹೇಳಬಲ್ಲರು. ಮಗು ಬರೆದ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ, ಒಂದೇ ಪ್ರಶ್ನೆ ಕೇಳಿದರೆ ಸಾಕು: ‘ಎಲ್ಲವೂ ಅಂತಲೋ, ಕೆಲವು ಮಾತ್ರವೋ?’ ಕೆಲವು ಮಾತ್ರ ಎಂದರೆ ಅಲ್ಪವಿರಾಮ ಬೇಡ. ಎಲ್ಲವೂ ಎಂದರೆ ಬೇಕು. ಗಿಡ ಕೀಳುವ ಮುನ್ನ ಬೆಳೆಗಾರರು ಕೇಳಿಕೊಳ್ಳುವ ಪ್ರಶ್ನೆಯೂ ಅದೇ.