ಕಾಫಿ ನಮ್ಮೂರಿನದು, ಕೆನೆ ಕಾಶಿಯದು. ರಮ್ ಮಾತ್ರ ಹೇಳಿ ಹಾಕಿ

ಕಾಶಿಗೆ ಬಂದವರು ತಮಗಿಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಇಲ್ಲೇ ಬಿಟ್ಟು ಹೋಗಬೇಕೆಂಬುದು ನಮ್ಮವರಲ್ಲಿ ಹಿಂದಿನಿಂದ ನಡೆದುಬಂದ ವಾಡಿಕೆ. ಹಾಗಲಕಾಯಿ ಬಿಟ್ಟವರುಂಟು, ಸೀತಾಫಲ ಬಿಟ್ಟವರುಂಟು. ಕಾಫಿ ಬಿಟ್ಟು ಹೋದ ಕನ್ನಡಿಗರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ! ಹನುಮಾನ್ ಘಾಟ್, ಅದರ ಪಕ್ಕದ ಕರ್ನಾಟಕ ಘಾಟ್, ಜಂಗಮವಾಡಿ ಮಠದ ಸುತ್ತಮುತ್ತ ಬೆಳಗಿನ ಹೊತ್ತು ನಡೆದರೆ ಕನ್ನಡದ ಮಾತು ಕಿವಿಗೆ ಬೀಳುವುದುಂಟು. ಆ ಮಾತಿನಲ್ಲಿ 'ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ?' ಎಂಬ ಪ್ರಶ್ನೆ ಇಲ್ಲದಿದ್ದರೆ ಆಶ್ಚರ್ಯಪಡಬೇಕು.

ಚಹಾದ ಊರಾದ ವಾರಾಣಸಿಯಲ್ಲಿ ನೆಲೆಸಿರುವ ನಮಗೆ ಕಾಫಿ ಎಂದರೆ ಮನೆಯ ಫಿಲ್ಟರಿನಲ್ಲಿ ಇಳಿದದ್ದೇ. ಮೈಸೂರು–ವಾರಾಣಸಿ ರೈಲಿನಲ್ಲಿ ಯಾರಾದರೂ ನೆಂಟರು ಬರುತ್ತಾರೆಂದರೆ ಮೊದಲು ಹೇಳಿ ಕಳುಹಿಸುವುದು ಕಾಫಿಪುಡಿಗೆ. ಡಿಸೆಂಬರ್–ಜನವರಿಯಲ್ಲಿ ಗಂಗೆಯ ಮೇಲೆ ಮಂಜು ಕವಿದು, ಬೆಳಗಿನ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿದಾಗ ಆ ಡಿಕಾಕ್ಷನ್ನಿಗೆ ಒಂದಿಷ್ಟು ರಮ್, ಮೇಲೊಂದಿಷ್ಟು ಕೆನೆ ಸೇರಿಸಿ ಕುಡಿಯುವ ಪದ್ಧತಿ ಕೆಲವು ಮನೆಗಳಲ್ಲಿದೆ. ದೊಡ್ಡ ಹೋಟೆಲುಗಳಲ್ಲಿ 'ಕಾಕ್‌ಟೇಲ್' ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಸಿಗುವ ಈ ಪಾನೀಯವನ್ನು ಮನೆಯಲ್ಲೇ ಮಾಡುವುದು ಹೇಗೆ, ಮಾಡಿದರೆ ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಎಂಬುದೇ ಈ ಲೇಖನದ ವಿಷಯ. ಕುಡಿಯದವರಿಗೆ ಕುಡಿತ ಕಲಿಸುವ ಉದ್ದೇಶ ಇದಕ್ಕಿಲ್ಲ. ಕುಡಿಯದವರೂ ಓದಬೇಕಾದ ಮಾತು ಇದರಲ್ಲಿದೆ.

ಮೂರು ಪದಾರ್ಥ, ಎರಡು ರಾಜ್ಯ

ಮೊದಲು ಕಾಫಿ. ಬಾಬಾ ಬುಡನ್ ಅವರು ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಇಂದು ದೇಶದ ಕಾಫಿ ಬೆಳೆಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ್ದು. ಆದರೆ ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದುಂಟು. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೆಳೆಯುವುದು ಹೆಚ್ಚಾಗಿ ಗುಜರಾತಿನಲ್ಲಿ ಮತ್ತು ಇದೇ ಉತ್ತರ ಪ್ರದೇಶದ ಏಟಾ ಕಡೆಯ ಹೊಲಗಳಲ್ಲಿ. ಇಲ್ಲಿಯ ಬೇರು ಅಲ್ಲಿಗೆ ಹೋಗಿ, ಹುರಿದು ಪುಡಿಯಾಗಿ, ನಮ್ಮ ಚೀಲದಲ್ಲಿ ಮತ್ತೆ ಇಲ್ಲಿಗೇ ಬರುವುದೂ ಉಂಟು! ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಲೇಬೇಕೆಂಬುದು ಕಾನೂನು. ಈ ಪಾನೀಯಕ್ಕೆ 80:20 ಮಿಶ್ರಣ ಒಳ್ಳೆಯದು. ಚಿಕೋರಿ ಇನ್ನೂ ಹೆಚ್ಚಾದರೆ ರಮ್ಮಿನ ಬೆಲ್ಲದಂಥ ವಾಸನೆಯೊಡನೆ ಸೇರಿ ಬಾಯಲ್ಲಿ ಕಹಿ ಉಳಿಯುತ್ತದೆ.

ಎರಡನೆಯದು ರಮ್. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ತಯಾರಾಗುವ ಮದ್ಯ ಇದು. ಮೋಹನ್ ಮೀಕಿನ್ ಕಂಪನಿ 1954ರಲ್ಲಿ ಹೊರತಂದ ಓಲ್ಡ್ ಮಂಕ್ ಈ ರಾಜ್ಯದ ಗಾಜಿಯಾಬಾದಿನ ಮೋಹನ್ ನಗರದ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಬೆಂಗಳೂರಿನ ಖೋಡೇಸ್‌ನವರ ಹರ್ಕ್ಯುಲಿಸ್ ರಮ್ಮನ್ನು ಕೇಳದ ಕನ್ನಡಿಗರು ಕಡಿಮೆ. ಮಿಲಿಟರಿ ಕ್ಯಾಂಟೀನಿನ ಮೂಲಕ ನಿವೃತ್ತ ಯೋಧರ ಮನೆಗೆ, ಅದರಲ್ಲೂ ಕೊಡಗಿನ ಮನೆಗಳಿಗೆ ರಮ್ ಬಂದದ್ದು ಹಳೆಯ ಕಥೆ. ತೋಟದ ಕಾಫಿಯೂ ಕ್ಯಾಂಟೀನಿನ ರಮ್ಮೂ ಒಂದೇ ಕಪಾಟಿನಲ್ಲಿರುವ ಮನೆ ಬೇಕೆಂದರೆ ಕೊಡಗಿಗೇ ಹೋಗಬೇಕು. ಈ ಪಾನೀಯಕ್ಕೆ ಕಪ್ಪು ರಮ್ಮೇ ಸರಿ. ಬಿಳಿ ರಮ್ ಕಾಫಿಯ ಎದುರು ನಿಲ್ಲುವುದಿಲ್ಲ.

ಮೂರನೆಯದು ಕೆನೆ. ಈ ವಿಷಯದಲ್ಲಿ ಕಾಶಿಗೆ ಸರಿಸಾಟಿ ಇಲ್ಲವೆಂದರೆ ಅತಿಶಯೋಕ್ತಿಯಾಗದು. ರಬಡಿ, ಮಲಾಯಿ, ಲಸ್ಸಿಯ ಮೇಲಿನ ಕೆನೆಪದರ ಎಲ್ಲವೂ ಇಲ್ಲಿ ನಿತ್ಯದ ಮಾತು. ಚಳಿಗಾಲದಲ್ಲಿ ಚೌಖಂಬಾ, ಠಠೇರಿ ಬಜಾರಿನ ಗಲ್ಲಿಗಳಲ್ಲಿ ಸಿಗುವ 'ಮಲೈಯೊ' ಎಂಬ ಹಾಲಿನ ನೊರೆಯನ್ನು ತಿಂದವರಿಗೇ ಗೊತ್ತು. ರಾತ್ರಿಯ ಇಬ್ಬನಿಯಲ್ಲಿಟ್ಟ ಹಾಲನ್ನು ಬೆಳಗಿನ ಜಾವ ಕಡೆದು ನೊರೆ ಎಬ್ಬಿಸುತ್ತಾರೆ. ಆ ನೊರೆಯನ್ನೇ ಬಿಸಿ ಕಾಫಿಯ ಮೇಲೆ ಹಾಕುವ ಹಾಗಿಲ್ಲ. ಕ್ಷಣದಲ್ಲಿ ಕರಗಿಹೋಗುತ್ತದೆ, ಕೇಸರಿಯ ಪರಿಮಳವೂ ಕಾಫಿಗೆ ಹೊಂದದು. ಆದರೆ ಅದರ ಗುಟ್ಟನ್ನು ನಾವು ಎರವಲು ಪಡೆಯಬಹುದು. ಹಾಲಿನ ಕೊಬ್ಬು ತಣ್ಣಗಿದ್ದಾಗಲೇ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಕೆನೆಯೂ ತಣ್ಣಗಿರಬೇಕು, ಕಡೆಯುವ ಪಾತ್ರೆಯೂ ತಣ್ಣಗಿರಬೇಕು.

ಬಿಸಿಯಾಗಿ ಮಾಡುವ ವಿಧಾನ (ಒಬ್ಬರಿಗೆ)

ಫಿಲ್ಟರಿಗೆ 25 ಗ್ರಾಂ ಪುಡಿ ಹಾಕಿ ಹಗುರವಾಗಿ ಒತ್ತಿ. ಕುದಿ ನಿಂತ ನೀರು 150 ಮಿಲಿಲೀಟರ್ ಸುರಿದು 20 ನಿಮಿಷ ಬಿಟ್ಟರೆ ಸುಮಾರು 100 ಮಿಲಿಲೀಟರ್ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಒಂದು ಲೋಟಕ್ಕೆ 60 ಮಿಲಿಲೀಟರ್ ಸಾಕು, ಉಳಿದದ್ದು ಇನ್ನೊಬ್ಬರ ಕಾಫಿಗೆ.

ಕೆನೆಗೆ ಎರಡು ದಾರಿ. ಅಂಗಡಿಯ ಅಮುಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬಿನಂಶ ಶೇಕಡಾ 25. ಕೇಕಿನ ಮೇಲಿನ ಕೆನೆಯ ಹಾಗೆ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ, ನಿಲ್ಲುವ ಅಗತ್ಯವೂ ಇಲ್ಲ. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು, ತಣ್ಣನೆಯ ಪಾತ್ರೆಯಲ್ಲಿ ಕಡೆಗೋಲಿನಿಂದ ಎರಡು-ಮೂರು ನಿಮಿಷ ಕಡೆದು, ದೋಸೆಹಿಟ್ಟಿನಷ್ಟು ಹದಕ್ಕೆ ಬಂದ ಕೂಡಲೇ ನಿಲ್ಲಿಸಿ. ಎರಡನೆಯ ದಾರಿ ಮನೆಯ ಹಾಲಿನ ಕೆನೆ. ಅದು ಅಂದಿನದೋ ಹಿಂದಿನ ದಿನದ್ದೋ ಆಗಿರಬೇಕು, ಹೆಪ್ಪು ಸೋಕಿರಬಾರದು. ಒಂದು ಚಮಚ ತಣ್ಣನೆ ಹಾಲು ಸೇರಿಸಿ, ಮಸೆದು, ಜರಡಿಯಲ್ಲಿ ಸೋಸಿ ಕಡೆಯಿರಿ. ಹೆಚ್ಚು ಕಡೆದರೆ ಬೆಣ್ಣೆಯಾದೀತು! ಕೆನೆ ಸ್ವಲ್ಪ ಹುಳಿಯಾಗಿದ್ದರೂ ಬಿಸಿ ಕಾಫಿಗೆ ಬಿದ್ದೊಡನೆ ಒಡೆಯುತ್ತದೆ.

ಲೋಟವನ್ನು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ. ಎರಡು ಟೀ ಚಮಚ ಸಕ್ಕರೆ ಅಥವಾ ಬೆಲ್ಲದ ಪುಡಿ ಹಾಕಿ, ಬಿಸಿ ಡಿಕಾಕ್ಷನ್ 60 ಮತ್ತು ಬಿಸಿನೀರು 60 ಮಿಲಿಲೀಟರ್ ಸುರಿದು ಚೆನ್ನಾಗಿ ಕಲಕಿ. ಈ ಸಿಹಿ ನಾಲಿಗೆಗಷ್ಟೇ ಅಲ್ಲ. ಸಕ್ಕರೆ ಕರಗಿದ ಕಾಫಿ ಭಾರವಾಗುವುದರಿಂದ ಕೆನೆ ಸುಲಭವಾಗಿ ತೇಲುತ್ತದೆ. ಆ ಮೇಲೆ ರಮ್ 30 ಮಿಲಿಲೀಟರ್. ಕೊನೆಗೆ ಚಮಚವನ್ನು ಬೋರಲು ಹಿಡಿದು ಅದರ ಬೆನ್ನಿನ ಮೇಲೆ ಎರಡು ದೊಡ್ಡ ಚಮಚ ಕೆನೆಯನ್ನು ನಿಧಾನವಾಗಿ ಜಾರಿಸಿ. ಮೇಲೆ ಜಾಯಿಕಾಯಿ ಒಂದು ಚಿಟಿಕೆ. ಕಲಕದೆ, ತಣ್ಣನೆಯ ಕೆನೆಯ ಮೂಲಕ ಬಿಸಿ ಕಾಫಿಯನ್ನು ಹೀರುವುದರಲ್ಲೇ ಇದರ ಸುಖ.

ಗೃಹಿಣಿಯರೂ ಗೃಹಸ್ಥರೂ ಮರೆಯಬಾರದ ಒಂದು ಮಾತು: ರಮ್ಮನ್ನು ಒಲೆಯ ಮೇಲಿಟ್ಟು ಕುದಿಸಬಾರದು, ಉರಿಯುವ ಗ್ಯಾಸಿನ ಹತ್ತಿರ ಸುರಿಯಲೂ ಬಾರದು. ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ತಣ್ಣಗೆ ಬೇಕೆಂದರೆ (ನಾಲ್ವರಿಗೆ)

ಹೋಳಿಯ ನಂತರ ಬಿಸಿಲೇರಿದಾಗ ತಣ್ಣನೆಯದೇ ಹಿತ. ಆರಿಸಿದ ಡಿಕಾಕ್ಷನ್ 200 ಮಿಲಿಲೀಟರ್, ತಣ್ಣನೆ ಹಾಲು 300, ಕೆನೆ 100, 400 ಗ್ರಾಮಿನ ಕಂಡೆನ್ಸ್ಡ್ ಮಿಲ್ಕ್ ಡಬ್ಬಿಯ ಕಾಲುಭಾಗ, ಎಂಟು ತುಂಡು ಮಂಜುಗಡ್ಡೆ. ಇವಿಷ್ಟನ್ನು ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ ಲೋಟಗಳಿಗೆ ಹಂಚಿ. ರಮ್ಮನ್ನು ಮಿಕ್ಸಿಗೆ ಹಾಕಬೇಡಿ. ಬೇಕೆಂದವರ ಲೋಟಕ್ಕೆ ಮಾತ್ರ, ಅವರೆದುರೇ, ಅಳೆದು ಹಾಕಿ. ಇದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಅಂಗಡಿಯಲ್ಲಿ ಸಿಗುವ ವಿದೇಶಿ ಕ್ರೀಮ್ ಮದ್ಯದ ಬಾಟಲಿಗಳು ತಿಂಗಳುಗಟ್ಟಲೆ ಕೆಡದಿರುವುದು ಕಾರ್ಖಾನೆಯ ಸಂಸ್ಕರಣೆಯಿಂದ. ಮನೆಯಲ್ಲಿ ಮಾಡಿದ್ದು ಹಾಗಲ್ಲ. ರಮ್ ಸೇರಿದೆ, ಕೆಡುವುದಿಲ್ಲ ಎಂಬ ಭರವಸೆ ಬೇಡ. ಅಂದಿನದನ್ನು ಅಂದೇ ಮುಗಿಸುವುದು ಉತ್ತಮ. ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಮುಗಿಸಬೇಕು.

ಕೆನೆಯ ಕೆಳಗೆ ಅಡಗಿದ್ದು

ಕಾಫಿ, ಮದ್ಯ, ಕೆನೆ ಸೇರಿದ ಪಾನೀಯಗಳಲ್ಲಿ ಹೆಸರಾದದ್ದು ಐರಿಶ್ ಕಾಫಿ. 1940ರ ದಶಕದಲ್ಲಿ ಐರ್ಲೆಂಡಿನ ಫೊಯ್ನ್ಸ್ ಎಂಬಲ್ಲಿ, ಚಳಿಯಲ್ಲಿ ನಡುಗುತ್ತಿದ್ದ ವಿಮಾನ ಪ್ರಯಾಣಿಕರಿಗಾಗಿ ಅಡುಗೆಯವರಾದ ಜೋ ಶೆರಿಡನ್ ಅದನ್ನು ಮಾಡಿದರೆಂದು ಪ್ರತೀತಿ. ಅದಕ್ಕೆ ಹಾಕುವುದು ವಿಸ್ಕಿ. ರಮ್ ಹಾಕುವುದು ಜರ್ಮನಿಯ ಉತ್ತರ ಕರಾವಳಿಯಲ್ಲಿ. ಅದರ ಹಿಂದೆ ಸ್ವಾರಸ್ಯದ ಕಥೆಯೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ಡ್‌ಸ್ಟ್ರಾಂಡ್ ಎಂಬಲ್ಲಿ ಮಗುವಿನ ನಾಮಕರಣದ ಔತಣ. ಬಂದ ಪಾದ್ರಿಗಳು ಕುಡಿತದ ಕಡುವಿರೋಧಿ. ಜನರಿಗೋ ರಮ್ ಬೇಕು. ಕಾಫಿಗೆ ರಮ್ ಸುರಿದು, ವಾಸನೆ ಮೇಲೇಳದಂತೆ ದಪ್ಪನೆಯ ಕೆನೆ ಹಾಕಿದರು. ಪಾದ್ರಿಗಳಿಗೆ ಮಾತ್ರ ಬರೀ ಕಾಫಿ-ಕೆನೆ. ಹೊತ್ತು ಹೋದಂತೆ ಔತಣದ ಗದ್ದಲ ಏರಿತು. ಕೊನೆಗೆ ಲೋಟ ಅದಲುಬದಲಾಗಿ ಗುಟ್ಟು ರಟ್ಟಾಗಲು, ಪಾದ್ರಿಗಳು 'ಎಲಾ ಫರಿಸಾಯರೇ!' ಎಂದರಂತೆ. ಬೈಬಲಿನಲ್ಲಿ ಫರಿಸಾಯರೆಂದರೆ ಹೊರಗೊಂದು ಒಳಗೊಂದು ಎಂಬ ನಡತೆಗೆ ಹೆಸರಾದವರು. ಅಂದಿನಿಂದ ಆ ಪಾನೀಯಕ್ಕೆ ಅದೇ ಹೆಸರು ನಿಂತಿದೆ.

ಕಥೆ ನಗೆ ಬರಿಸುತ್ತದೆ. ಆದರೆ ಅದರೊಳಗಿನ ಸತ್ಯ ನಗುವಂಥದ್ದಲ್ಲ. ಕೆನೆ ರಮ್ಮಿನ ವಾಸನೆಯನ್ನು ತಡೆಯುತ್ತದೆ, ಸಿಹಿ ಅದರ ಖಾರವನ್ನು ಮುಚ್ಚುತ್ತದೆ, ಕಾಫಿಯ ಕಹಿ ಉಳಿದದ್ದನ್ನು ನುಂಗುತ್ತದೆ. ಗೊತ್ತಿಲ್ಲದವರ ಕೈಗೆ ಕೊಟ್ಟರೆ 'ಕಾಫಿ ಬಹಳ ಚೆನ್ನಾಗಿದೆ' ಎಂದು ಕುಡಿದುಬಿಡುತ್ತಾರೆ. ಅಲ್ಲೇ ಅಪಾಯವಿರುವುದು.

ಲೆಕ್ಕವನ್ನು ನೋಡೋಣ. ಬ್ಯಾಂಕಿನವನಾದ್ದರಿಂದ ಲೆಕ್ಕ ಬಿಡುವ ಹಾಗಿಲ್ಲ. ಸಾಮಾನ್ಯವಾಗಿ ನಮ್ಮ ರಮ್ಮಿನಲ್ಲಿ ಆಲ್ಕೋಹಾಲಿನ ಪ್ರಮಾಣ ಶೇಕಡಾ 42.8. ಮೂವತ್ತು ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಶುದ್ಧ ಆಲ್ಕೋಹಾಲು ಸುಮಾರು 10 ಗ್ರಾಂ. ಕೈಯಂದಾಜಿನಲ್ಲಿ ಸುರಿದರೆ ಅದು ಸುಲಭವಾಗಿ 20 ಗ್ರಾಂ ಆಗುತ್ತದೆ, ರುಚಿಯಲ್ಲಿ ಗೊತ್ತೇ ಆಗುವುದಿಲ್ಲ. ಕಾಫಿ ಕುಡಿದರೆ ಅಮಲು ಇಳಿಯುತ್ತದೆಂಬುದು ತಪ್ಪು ಕಲ್ಪನೆ. ಕೆಫೀನ್ ನಿದ್ದೆಯನ್ನಷ್ಟೇ ದೂರವಿಡುತ್ತದೆ, ರಕ್ತದಲ್ಲಿನ ಆಲ್ಕೋಹಾಲನ್ನು ಕಡಿಮೆ ಮಾಡುವುದಿಲ್ಲ. ಹೀಗಾಗಿ ಕುಡಿದವರಿಗೆ ತಾವು ಎಚ್ಚರವಾಗಿದ್ದೇವೆ ಎಂಬ ಭ್ರಮೆ. ಕೆಫೀನ್ ಬೆರೆಸಿದ ಮದ್ಯ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ 2010ರ ನವೆಂಬರಿನಲ್ಲಿ ಅಮೆರಿಕ ಸರಕಾರದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆ ಪತ್ರ ಕಳುಹಿಸಿತ್ತು. ನಮ್ಮಲ್ಲಿ ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲು ಕಂಡರೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಆಲ್ಕೋಹಾಲಿನ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿರುವುದನ್ನೂ ಇಲ್ಲಿ ಸೇರಿಸಬೇಕು.

ನಮ್ಮ ಕೂಟಗಳಿಗೆ ಬರುವವರನ್ನು ನೆನೆಸಿಕೊಳ್ಳಿ. ಊರಿನಿಂದ ಯಾತ್ರೆಗೆ ಬಂದ ಹಿರಿಯರಿರುತ್ತಾರೆ, ವ್ರತ ಹಿಡಿದವರಿರುತ್ತಾರೆ. ಸಕ್ಕರೆ ಕಾಯಿಲೆಗೆ, ನಿದ್ರೆಗೆ ಮಾತ್ರೆ ನುಂಗುವವರಿರುತ್ತಾರೆ. ಪರಸ್ಥಳದ ನೀರಿಗೆ ಹೊಟ್ಟೆ ಕೆಟ್ಟು ಮೆಟ್ರೊನಿಡಜೋಲ್ ತೆಗೆದುಕೊಳ್ಳುವವರಿರುತ್ತಾರೆ. ಆ ಮಾತ್ರೆಯ ಜತೆ ಮದ್ಯ ಕೂಡದೆಂದು ವೈದ್ಯರು ಹೇಳುತ್ತಾರೆ. ಒಮ್ಮೆ ಬಿಟ್ಟ ಕುಡಿತವನ್ನು ಮತ್ತೆ ಮುಟ್ಟದಿರಲು ಪ್ರತಿದಿನ ಹೆಣಗುವವರೂ ಇರುತ್ತಾರೆ, ಅವರು ಅದನ್ನು ನಮಗೆ ಹೇಳಿರುವುದಿಲ್ಲ. ಇವರಲ್ಲಿ ಯಾರಿಗೇ ಆಗಲಿ 'ತಮಾಷೆಗೆ' ಎಂದು ಹೇಳದೆ ಕೊಟ್ಟರೆ ಅದು ಆತಿಥ್ಯವಲ್ಲ, ದ್ರೋಹ.

ಎರಡು ತಟ್ಟೆ, ಒಂದೇ ಮರ್ಯಾದೆ

ಆದುದರಿಂದ ಸದಸ್ಯ ಬಾಂಧವರಲ್ಲಿ ವಿನಂತಿ ಇಷ್ಟೆ. ರಮ್ ಕೊನೆಗೆ ಬೀಳಲಿ, ಎಲ್ಲರೆದುರು ಬೀಳಲಿ, 30 ಮಿಲಿಲೀಟರಿನ ಅಳತೆಯಲ್ಲೇ ಬೀಳಲಿ. ಎರಡು ಬೇರೆ ಬೇರೆ ತಟ್ಟೆ ಇರಲಿ. ರಮ್ ಇರುವುದಕ್ಕೆ ಗಾಜಿನ ಲೋಟ, ಇಲ್ಲದ್ದಕ್ಕೆ ಸ್ಟೀಲ್ ಲೋಟ ಅಥವಾ ಇಲ್ಲಿಯ ಮಣ್ಣಿನ ಕುಲ್ಹಡ್ ಇಟ್ಟರೆ ಕತ್ತಲಲ್ಲೂ ಗುರುತು ತಪ್ಪದು. ಒತ್ತಾಯ ಬೇಡ. 'ಒಂದು ಲೋಟದಿಂದ ಏನಾಗುತ್ತೆ ಭಾವ' ಎಂಬ ಮಾತು ಮದುವೆ ಮನೆಯ ಹೋಳಿಗೆಗೆ ಸರಿ, ಇದಕ್ಕಲ್ಲ. ಉತ್ತರ ಪ್ರದೇಶದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ, ಆದ್ದರಿಂದ ಕಾಲೇಜಿನ ಹುಡುಗರಿಗೂ ಕೆನೆ ಕಾಫಿಯೇ. ಮನೆಯಲ್ಲಿ ಮಿತಿ ಮೀರಿ ಮದ್ಯ ಇಟ್ಟುಕೊಳ್ಳಲು 2021ರಿಂದ ಇಲ್ಲಿ ಪ್ರತ್ಯೇಕ ಪರವಾನಗಿ ಬೇಕು. ಒಂದು ಬಾಟಲಿ ಇಟ್ಟವರು ಚಿಂತಿಸಬೇಕಿಲ್ಲ.

ರಮ್ ಇಲ್ಲದ ಲೋಟ ಸಪ್ಪೆಯಾಗಬಾರದು. ಅದೇ ಡಿಕಾಕ್ಷನ್, ಅದೇ ಕೆನೆ, ಸಕ್ಕರೆಯ ಬದಲು ಎರಡು ಚಮಚ ಕಪ್ಪುಬೆಲ್ಲದ ಪಾಕ, ಎರಡು ಏಲಕ್ಕಿಯ ಪುಡಿ, ಒಂದು ಲವಂಗ. ರಮ್ ಹುಟ್ಟುವುದು ಕಬ್ಬಿನಿಂದಲೇ ಆದುದರಿಂದ ಕಪ್ಪುಬೆಲ್ಲ ಅದರ ರುಚಿಗೆ ಬಹಳ ಹತ್ತಿರ ಬರುತ್ತದೆ. ಎಷ್ಟೋ ಸಲ ಈ ತಟ್ಟೆಯೇ ಮೊದಲು ಖಾಲಿಯಾಗುತ್ತದೆ.

ಕಾಶಿಯಂಥ ಕ್ಷೇತ್ರದಲ್ಲಿ ಇಂಥ ಮಾತೇ ಎಂದು ಹುಬ್ಬೇರಿಸುವವರಿದ್ದಾರೆ. ಸರಕಾರಿ ಪರವಾನಗಿಯ ಭಂಗಿನ ಅಂಗಡಿ, ಗೋದೌಲಿಯಾದ ಠಂಡಾಯಿ ಇದೇ ಊರಿನವು ಎಂಬುದೂ ನಿಜ. ಇಲ್ಲಿಯ ಠಂಡಾಯಿ ಅಂಗಡಿಯಲ್ಲಿ ಲೋಟ ಕೈಗೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: 'ಭಂಗ್ ಹಾಕಿಯೋ, ಹಾಕದೆಯೋ?' ನಮ್ಮ ಮನೆಗಳಲ್ಲೂ ಕಾಫಿಯ ಲೋಟ ಹಿಡಿದು ಬರುವವರು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಸಾಕು.