ಉರಿದ ಇಂಧನದ ಲೆಕ್ಕ: ರಾಷ್ಟ್ರದ ಹೊಗೆಯನ್ನು ಎಣಿಸುವ ಬಗೆ

ಹೊಯ್ಸಳರ ಕಾಲದ ಶಿಲಾಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಪರಿಚಿತವಾಗಿಯೇ ಇರುತ್ತದೆ. ಅರಸರ ಬಿರುದಾವಳಿ ಮುಗಿದು ದಾನದ ವಿವರ ಆರಂಭವಾದೊಡನೆ ಶಾಸನದ ಭಾಷೆ ಕಾವ್ಯದಿಂದ ಕಡತಕ್ಕೆ ಇಳಿದುಬಿಡುತ್ತದೆ. ದೇವರ ನಂದಾದೀವಿಗೆಗೆ ಗಾಣದಿಂದ ಎಷ್ಟು ಎಣ್ಣೆ ಸಲ್ಲತಕ್ಕದ್ದು, ಯಾವ ಸುಂಕದ ಹಣ ಅದಕ್ಕೆ ಮೀಸಲು ಎಂಬುದನ್ನೆಲ್ಲ ಅಳತೆಯ ಹೆಸರು ಹಿಡಿದು ಕೆತ್ತಿಸುತ್ತಿದ್ದರು. ಬಿ. ಎಲ್. ರೈಸರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತೆರೆದವರಿಗೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಲ್ಲುಗಳಲ್ಲಿ ಈ ಲೆಕ್ಕಪ್ರಜ್ಞೆ ಎದ್ದು ಕಾಣುತ್ತದೆ. ದೀಪದ ಬೆಳಕನ್ನು ಅಳೆಯುವ ಸಾಧನ ಆ ಕಾಲದವರ ಬಳಿ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಎಣ್ಣೆಯನ್ನು ಅಳೆದರೆ ದೀಪ ಉರಿದ ಕಾಲವನ್ನು ಅಳೆದಂತೆಯೇ ಸರಿ. ಇಂದು ಜಗತ್ತಿನ ರಾಷ್ಟ್ರಗಳು ತಮ್ಮ ತಮ್ಮ ಹೊಗೆಯ ಲೆಕ್ಕವನ್ನು ಒಪ್ಪಿಸುವ ಕ್ರಮವೂ ತತ್ತ್ವತಃ ಇದೇ ಆಗಿದೆ. ಹೊಗೆಯನ್ನು ಯಾರೂ ಹಿಡಿದು ತೂಗುವುದಿಲ್ಲ. ಉರಿದ ಇಂಧನವನ್ನು ಅಳೆಯುತ್ತಾರೆ. ಹೊಗೆಯನ್ನು ಗುಣಾಕಾರದಿಂದ ಪಡೆಯುತ್ತಾರೆ.

ಈ ಲೆಕ್ಕದ ಅವಶ್ಯಕತೆ ಒದಗಿದುದು ಹೀಗೆ. 1992ರಲ್ಲಿ ರಿಯೋ ಡಿ ಜನೈರೋ ನಗರದ ಶೃಂಗಸಭೆಯಲ್ಲಿ ಹವಾಮಾನ ಬದಲಾವಣೆಯನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ರಾಷ್ಟ್ರಗಳ ಸಹಿಗಾಗಿ ಮುಂದಿಡಲಾಯಿತು. ಭಾರತವು 1993ರಲ್ಲಿ ಅದನ್ನು ಅನುಮೋದಿಸಿತು. ಭೂಮಿಯ ಶಾಖವನ್ನು ಹೊರಹೋಗಗೊಡದೆ ತಡೆಹಿಡಿಯುವ ಅನಿಲಗಳನ್ನು ಪ್ರತಿಯೊಂದು ರಾಷ್ಟ್ರವೂ ಎಷ್ಟು ಉತ್ಸರ್ಜಿಸುತ್ತಿದೆ ಎಂಬ ವರದಿಯನ್ನು ಕೊಡುವುದು ಆ ಒಡಂಬಡಿಕೆಯ ಒಂದು ಕಟ್ಟಳೆ. ನಮ್ಮ ದೇಶದ ಮೊದಲ ವರದಿ 2004ರಲ್ಲಿ ಸಲ್ಲಿತು; ಅದು 1994ನೆಯ ಇಸವಿಯ ಲೆಕ್ಕ. 2024ರ ಡಿಸೆಂಬರಿನಲ್ಲಿ ಸಲ್ಲಿಸಿದ ವರದಿಯಲ್ಲಿರುವುದು 2020ರ ಲೆಕ್ಕ.

ಈ ಅನಿಲಗಳನ್ನು ಪತ್ರಿಕೆಗಳಲ್ಲಿ ‘ಹಸಿರುಮನೆ ಅನಿಲ’ಗಳೆಂದು ಬರೆಯುವ ರೂಢಿಯಾಗಿದೆ. ಮಾತಿಗೆ ಮಾತು ಅನುವಾದಿಸಿದ ಈ ಪದ ನನಗೆ ಅಷ್ಟಾಗಿ ಒಗ್ಗದು. ಹಸಿರು ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಸಮೃದ್ಧಿ. ಇಲ್ಲಿ ಹೇಳಬೇಕಾದುದೋ ಅದಕ್ಕೆ ವಿರುದ್ಧವಾದ ಸಂಗತಿ. ಬಿಸಿಲನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡದ ಗಾಜಿನ ಮನೆಯನ್ನು ನೆನೆದರೆ ಅರ್ಥ ತಾನಾಗಿ ತಿಳಿಯುತ್ತದೆ. ಆದರೂ ರೂಢಿಯೇ ಬಲವತ್ತರವಾದುದರಿಂದ ಆ ಪದವನ್ನು ಬಿಡುವಂತಿಲ್ಲ. ಇಂಧನದ ಲೆಕ್ಕದಲ್ಲಿ ಬರುವ ಅಂಥ ಅನಿಲಗಳು ಮುಖ್ಯವಾಗಿ ಮೂರು: ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್.

ಇನ್ನು ಗುಣಾಕಾರದ ವಿಷಯ. ಹವಾಮಾನ ಬದಲಾವಣೆಯ ಅಂತರಸರ್ಕಾರೀಯ ಸಮಿತಿಯು 2006ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಒಂದೊಂದು ಇಂಧನಕ್ಕೂ ಎರಡೆರಡು ಅಂಕೆಗಳಿವೆ. ಒಂದು ಕಿಲೋಗ್ರಾಂ ಉರಿದರೆ ಎಷ್ಟು ಶಾಖ ದೊರೆಯುತ್ತದೆ ಎಂಬುದು ಮೊದಲನೆಯದು. ಅಷ್ಟು ಶಾಖಕ್ಕೆ ಎಷ್ಟು ಅನಿಲ ಹೊರಡುತ್ತದೆ ಎಂಬುದು ಎರಡನೆಯದು. ಡೀಸೆಲ್ಲನ್ನೇ ತೆಗೆದುಕೊಳ್ಳೋಣ. ಒಂದು ಕಿಲೋಗ್ರಾಮಿಗೆ 43 ಮೆಗಾಜೌಲ್ ಶಾಖ. ಒಂದು ಮೆಗಾಜೌಲಿಗೆ 74.1 ಗ್ರಾಂ ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 830 ಗ್ರಾಂ. ಈ ಮೂರನ್ನೂ ಗುಣಿಸಿದರೆ ಲೀಟರಿಗೆ ಸುಮಾರು 2.64 ಕಿಲೋಗ್ರಾಂ ಅನಿಲವೆಂದು ತಿಳಿಯುತ್ತದೆ.

ಒಂದು ಕಿಲೋಗ್ರಾಂ ಕೂಡ ತೂಗದ ದ್ರವದಿಂದ ಎರಡೂವರೆ ಕಿಲೋಗ್ರಾಮಿಗೂ ಮಿಗಿಲಾದ ಹೊಗೆ ಹೇಗೆ ಹೊರಟೀತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಹೆಚ್ಚಿನ ತೂಕ ಡೀಸೆಲ್ಲಿನದಲ್ಲ, ಗಾಳಿಯದು. ಉರಿಯುವಾಗ 12 ತೂಕದ ಇಂಗಾಲ ವಾಯುವಿನಿಂದ 32 ತೂಕದ ಆಮ್ಲಜನಕವನ್ನು ಸೆಳೆದುಕೊಂಡು 44 ತೂಕದ ಅನಿಲವಾಗುತ್ತದೆ. ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ಲೀಟರಿಗೆ ನಾಲ್ಕು ಕಿಲೋಮೀಟರು ಓಡುವ ಬಸ್ಸಿಗೆ ನಾಲ್ಕು ಲೀಟರು ಬೇಕು; ಅಂದರೆ ಒಂದು ಸಲದ ಓಟಕ್ಕೆ ಹತ್ತೂವರೆ ಕಿಲೋಗ್ರಾಂ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ದಾರಿಯಲ್ಲಿ ಹೋಗುವ ಪ್ರವಾಸಿ ವಾಹನಗಳನ್ನು ಕಂಡಾಗ ಈ ಗುಣಾಕಾರ ಮನಸ್ಸಿನಲ್ಲಿ ತಾನಾಗಿಯೇ ನಡೆಯುತ್ತದೆ. ಮನೆಯ ಅಡುಗೆ ಅನಿಲದ 14.2 ಕಿಲೋಗ್ರಾಂ ಸಿಲಿಂಡರಿನದು ಸುಮಾರು 42 ಕಿಲೋಗ್ರಾಂ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಶಾಖ ಕಡಿಮೆ. ಆದುದರಿಂದ ಹೊರದೇಶದ ಅಂಕೆಯನ್ನು ಎರವಲು ತಾರದೆ ಇಲ್ಲಿಯೇ ಪರೀಕ್ಷಿಸಿ ಗೊತ್ತುಮಾಡಿದ ಗುಣಕವನ್ನು ಬಳಸುತ್ತಾರೆ. ಆ ಪ್ರಕಾರ ವಿದ್ಯುದಾಗಾರಗಳಲ್ಲಿ ಉರಿಸುವ ಬಗೆಯ ಕಲ್ಲಿದ್ದಲು ಒಂದು ಟನ್ನಿಗೆ ಸುಮಾರು 1.88 ಟನ್ ಅನಿಲವನ್ನು ಕೊಡುತ್ತದೆ. ಬೂದಿಯಲ್ಲಿ ಉರಿಯದೆ ಉಳಿದ ಇಂಗಾಲಕ್ಕಾಗಿ ಅದರಲ್ಲಿ ಅಲ್ಪಭಾಗವನ್ನು ಕಳೆಯುವುದುಂಟು.

ಗುಣಾಕಾರ ಇಷ್ಟು ಸುಲಭವಾಗಿರುವಾಗ ಕಷ್ಟವೆಲ್ಲಿ? ಬಂದ ಮೊತ್ತವನ್ನು ಯಾರ ಹೆಸರಿಗೆ ಬರೆಯಬೇಕು ಎಂಬಲ್ಲಿದೆ ಕಷ್ಟ. ವ್ಯಾಕರಣ ಓದಿದವರಿಗೆ ಇದನ್ನು ಕಾರಕಗಳ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಉರಿಸಿದವನು ಕರ್ತೃ, ಯಾರಿಗಾಗಿ ಉರಿಯಿತೋ ಅವನು ಸಂಪ್ರದಾನ, ಎಲ್ಲಿ ಉರಿಯಿತೋ ಅದು ಅಧಿಕರಣ. ರಾಷ್ಟ್ರೀಯ ಲೆಕ್ಕಪುಸ್ತಕ ಮನ್ನಿಸುವುದು ಅಧಿಕರಣವನ್ನು. ಫಲವನ್ನು ಉಂಡವರಾರು ಎಂದು ಅದು ಕೇಳುವುದಿಲ್ಲ. ಒಲೆ ಎಲ್ಲಿತ್ತು ಎಂದು ಮಾತ್ರ ಕೇಳುತ್ತದೆ.

ನಮ್ಮ ಅರಸೀಕೆರೆಯ ರೈಲ್ವೆ ಜಂಕ್ಷನ್ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರು, ಹುಬ್ಬಳ್ಳಿ, ಹಾಸನ-ಮೈಸೂರು ದಾರಿಗಳು ಕೂಡುವ ಈ ನಿಲ್ದಾಣದಲ್ಲಿ ಮೀಟರ್ ಗೇಜಿನ ದಿನಗಳಲ್ಲಿ ಉಗಿಯಂತ್ರಗಳು ಕಲ್ಲಿದ್ದಲನ್ನು ಉರಿಸುತ್ತ ಬಂದು ನಿಲ್ಲುತ್ತಿದ್ದುದು ಹಳೆಯ ವಿದ್ಯಾರ್ಥಿಗಳ ನೆನಪಿನಲ್ಲಿರಬಹುದು. ಆ ಹೊಗೆ ಲೆಕ್ಕದಲ್ಲಿ ‘ಸಾರಿಗೆ’ ಎಂಬ ಶೀರ್ಷಿಕೆಗೆ ಸೇರತಕ್ಕದ್ದು. ಅನಂತರ ಡೀಸೆಲ್ ಯಂತ್ರಗಳು ಬಂದುವು. ಇಂಧನ ಬದಲಾಯಿತು, ಶೀರ್ಷಿಕೆ ಬದಲಾಗಲಿಲ್ಲ. ಈಗ ಈ ದಾರಿಯಲ್ಲಿ ವಿದ್ಯುತ್ ತಂತಿ ಬಂದಿದೆ. 2023ರ ಜೂನಿನಲ್ಲಿ ಆರಂಭವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಅರಸೀಕೆರೆಯನ್ನು ಹಾದುಹೋಗುವಾಗ ಒಂದು ಎಳೆ ಹೊಗೆಯೂ ಕಾಣುವುದಿಲ್ಲ. ಸಾರಿಗೆಯ ಪುಟದಲ್ಲಿ ಅದರ ಹೆಸರಿಗೆ ಸೊನ್ನೆ. ಆದರೆ ಹೊಗೆ ಇಲ್ಲವಾಯಿತೆಂದು ಭಾವಿಸಲಾಗದು. ಅದು ರಾಯಚೂರಿನ ಶಕ್ತಿನಗರಕ್ಕೋ ಬಳ್ಳಾರಿಯ ಕುಡತಿನಿಗೋ, ಅಷ್ಟೇಕೆ, ದೂರದ ಮಧ್ಯಭಾರತದ ಯಾವುದೋ ವಿದ್ಯುದಾಗಾರಕ್ಕೋ ಹೋಗಿ, ಅಲ್ಲಿಯ ಚಿಮಣಿಯಿಂದ ಏರಿ, ‘ವಿದ್ಯುದುತ್ಪಾದನೆ’ ಎಂಬ ಬೇರೆ ಪುಟದಲ್ಲಿ ಬರೆಯಲ್ಪಡುತ್ತದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುಜ್ಜಾಲ ಉಳಿದ ಭಾರತದ ಜಾಲದೊಡನೆ ಕೂಡಿಕೊಂಡ ಮೇಲೆ, ಅರಸೀಕೆರೆಯ ತಂತಿಯಲ್ಲಿ ಹರಿಯುವ ವಿದ್ಯುತ್ತು ಶರಾವತಿಯ ನೀರಿನದೋ ಪಾವಗಡದ ಬಿಸಿಲಿನದೋ ಸಿಂಗರೇಣಿಯ ಕಲ್ಲಿದ್ದಲಿನದೋ ಎಂದು ಬೇರ್ಪಡಿಸಿ ಹೇಳುವಂತಿಲ್ಲ. ಎಲ್ಲ ಕಾಲುವೆಗಳೂ ಬಂದು ಕೂಡಿದ ಕೆರೆಯ ನೀರಿನಂತೆ ಅದು ಒಂದಾಗಿದೆ. ಆದುದರಿಂದ ಕೇಂದ್ರ ವಿದ್ಯುತ್ ಪ್ರಾಧಿಕಾರವು ಇಡೀ ದೇಶಕ್ಕೆ ಸರಾಸರಿಯೊಂದನ್ನು ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಒಂದು ಯೂನಿಟ್ಟಿಗೆ 0.7 ಕಿಲೋಗ್ರಾಮಿಗೆ ತುಸು ಮೇಲಿದೆ.

ಈ ಸರಾಸರಿಯನ್ನು ಹಿಡಿದು ಒಂದು ಹೋಲಿಕೆ ಮಾಡಬಹುದು. ಒಂದು ಲೀಟರ್ ಡೀಸೆಲ್ ರೈಲುಯಂತ್ರದಲ್ಲಿ ಮಾಡುವ ಕೆಲಸಕ್ಕೆ ನಾಲ್ಕು ಯೂನಿಟ್ ವಿದ್ಯುತ್ತು ಬೇಕಾದೀತೆಂದು ಊಹಿಸಿದರೆ, ಅದರ ಹೊಗೆ 2.8 ಕಿಲೋಗ್ರಾಂ ಆಯಿತು, ಡೀಸೆಲ್ಲಿನದು 2.64. ಎಂದರೆ ತಂತಿ ಎಳೆದ ಮಾತ್ರಕ್ಕೆ ಹೊಗೆ ಕಡಿಮೆಯಾಗಲಿಲ್ಲ. ತಂತಿಯ ಹಿಂದೆ ನೀರು, ಗಾಳಿ, ಬಿಸಿಲುಗಳ ಪಾಲು ಹೆಚ್ಚಿದಂತೆಲ್ಲ ಕಡಿಮೆಯಾಗುತ್ತದೆ. ಡೀಸೆಲ್ ಯಂತ್ರಕ್ಕೆ ಅಂಥ ಸುಧಾರಣೆಯ ಅವಕಾಶವಿಲ್ಲ, ವಿದ್ಯುದ್ಯಂತ್ರಕ್ಕೆ ಇದೆ. ಇದೇ ಅವೆರಡರ ಭೇದ. ಪುಟಗಳನ್ನು ಬಿಡಿಬಿಡಿಯಾಗಿ ಓದಿ ಸಾರಿಗೆಯ ಹೊಗೆ ಇಳಿಯಿತೆಂದು ಹಿಗ್ಗುವವರೂ ವಿದ್ಯುತ್ತಿನ ಹೊಗೆ ಏರಿತೆಂದು ಕುಗ್ಗುವವರೂ ಒಂದೇ ಸಂಗತಿಯ ಎರಡು ತುದಿಗಳನ್ನು ಹಿಡಿದಿರುತ್ತಾರೆ.

ತೋಟದ ಪಂಪುಸೆಟ್ಟುಗಳದೂ ಇದೇ ಬಗೆ. ಮಳೆ ಕಡಿಮೆಯಾದ ಅರಸೀಕೆರೆ ಸೀಮೆಯಲ್ಲಿ ತೆಂಗು ಉಳಿದಿರುವುದು ಬಹುಮಟ್ಟಿಗೆ ಕೊಳವೆಬಾವಿಯಿಂದ. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ತು ಉಚಿತ. ಹೆಚ್ಚಿನವಕ್ಕೆ ಮೀಟರು ಇಲ್ಲ. ಮೀಟರಿಲ್ಲದ ಮೇಲೆ ರಾಷ್ಟ್ರದ ಲೆಕ್ಕವೇ ತಪ್ಪಾಗಲಿಲ್ಲವೇ ಎಂಬ ಸಂದೇಹ ಸಹಜ. ತಪ್ಪಾಗುವುದಿಲ್ಲ, ಏಕೆಂದರೆ ಕಲ್ಲಿದ್ದಲನ್ನು ಒಲೆಯ ಬಾಯಲ್ಲೇ ತೂಗಿ ಆಗಿರುತ್ತದೆ. ಆ ವಿದ್ಯುತ್ತನ್ನು ರೈತರು ಎಷ್ಟು ಬಳಸಿದರು, ಪಟ್ಟಣದವರು ಎಷ್ಟು, ದಾರಿಯಲ್ಲಿ ಸೋರಿದ್ದೆಷ್ಟು ಎಂಬ ಹಂಚಿಕೆ ಮಾತ್ರ ಅಂದಾಜು. ಡೀಸೆಲ್ ಬಂಕಿನಲ್ಲಿಯೂ ಹೀಗೆಯೇ. ಮಾರಾಟವಾದ ಲೀಟರುಗಳು ಖಚಿತ. ಅದು ಲಾರಿಗೆ ಹೋಯಿತೋ ಟ್ರ್ಯಾಕ್ಟರಿಗೆ ಹೋಯಿತೋ ಬಂಕಿನವರು ಬರೆದುಕೊಳ್ಳುವುದಿಲ್ಲ. ಅದಕ್ಕಾಗಿ ಪೆಟ್ರೋಲಿಯಂ ಸಚಿವಾಲಯದ ಅಂಗವೊಂದು ದೇಶದಾದ್ಯಂತ ಸಮೀಕ್ಷೆ ನಡೆಸಿ, ಡೀಸೆಲ್ಲಿನ ನೂರಕ್ಕೆ 70 ಪಾಲು ಸಾರಿಗೆಗೆ ಹೋಗುತ್ತದೆಂದು 2014ರಲ್ಲಿ ಪ್ರಕಟಿಸಿತು.

ಈ ಕಾರಣದಿಂದಲೇ ರಾಷ್ಟ್ರದ ಲೆಕ್ಕವನ್ನು ಎರಡು ದಾರಿಗಳಿಂದ ಮಾಡತಕ್ಕದ್ದೆಂದು ಮಾರ್ಗದರ್ಶಿ ವಿಧಿಸುತ್ತದೆ. ಮೇಲಿನಿಂದ ಬರುವ ದಾರಿಯಲ್ಲಿ, ದೇಶದಲ್ಲಿ ತೆಗೆದ ಇಂಧನಕ್ಕೆ ಆಮದನ್ನು ಕೂಡಿ, ರಫ್ತನ್ನೂ, ಹೊರದೇಶಗಳಿಗೆ ಹೋಗಿಬರುವ ಹಡಗು ವಿಮಾನಗಳಿಗೆ ತುಂಬಿದ್ದನ್ನೂ, ದಾಸ್ತಾನಿಗೆ ಸೇರಿದ್ದನ್ನೂ ಕಳೆಯಬೇಕು. ಉಳಿದದ್ದು ದೇಶದೊಳಗೆ ಬಳಕೆಗೆ ಒದಗಿದ್ದು. ಅದರಲ್ಲಿಯೂ ರಸ್ತೆಯ ಡಾಂಬರಿನಂತೆ ಉರಿಯದೆ ವಸ್ತುವಾಗಿ ಉಳಿಯುವುದನ್ನು ಬಿಡಬೇಕು. ಕೆಳಗಿನಿಂದ ಹೋಗುವ ದಾರಿಯಲ್ಲಿ, ವಿದ್ಯುದಾಗಾರ, ಕಾರ್ಖಾನೆ, ವಾಹನ, ಮನೆಗಳನ್ನು ಒಂದೊಂದಾಗಿ ಕೂಡಿಸುತ್ತ ಬರಬೇಕು. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಹರಿಯುವ ಕೊಳವೆಯ ಡೀಸೆಲ್ಲನ್ನು ಮೊದಲನೆಯ ದಾರಿ ಮಂಗಳೂರಿನಲ್ಲೇ ಎಣಿಸಿಬಿಡುತ್ತದೆ. ಎರಡನೆಯದು ಅದೇ ಡೀಸೆಲ್ಲನ್ನು ಊರೂರಿನ ವಾಹನಗಳಲ್ಲಿ ಹುಡುಕುತ್ತದೆ. ಎರಡು ಮೊತ್ತಗಳೂ ಹತ್ತಿರ ಬಂದರೆ ಲೆಕ್ಕ ನಂಬತಕ್ಕದ್ದು. ದೂರ ಉಳಿದರೆ ಕಾರಣವನ್ನು ಹುಡುಕಿ ಹೇಳಬೇಕು. ಜಮಾ-ಖರ್ಚುಗಳನ್ನು ತಾಳೆ ನೋಡುವ ನಮ್ಮ ಮಠದ ಪಾರುಪತ್ಯಗಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಎರಡು ದಾರಿಗಳಿಗೂ ಸುಲಭವಾಗಿ ಸಿಕ್ಕದ ಇಂಧನ ಒಂದಿದೆ: ಸೌದೆ. ಅದು ಬಂಕಿನಲ್ಲಿ ಮಾರಾಟವಾಗುವುದಿಲ್ಲ, ಬಂದರಿನಲ್ಲಿ ಇಳಿಯುವುದಿಲ್ಲ. ತೆಂಗಿನ ಗರಿ, ಮಟ್ಟೆ, ಚಿಪ್ಪು, ಹೊಂಬಾಳೆಗಳು ತೋಟದಿಂದ ನೇರವಾಗಿ ಬಚ್ಚಲ ಒಲೆಗೆ ಹೋಗುತ್ತವೆ. ಭಕ್ತರು ದಾಸೋಹಕ್ಕೆಂದು ಗಾಡಿಗಟ್ಟಲೆ ಒಪ್ಪಿಸುವ ಕಟ್ಟಿಗೆಗೆ ರಸೀತಿ ಎಲ್ಲಿಯದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಕುಳಿತು ಸೌದೆಯನ್ನು ತೂಗಿ, ಜನರ ಮತ್ತು ಎತ್ತುಗಳ ದುಡಿಮೆಯನ್ನೂ ಸೇರಿಸಿ ಲೆಕ್ಕಹಾಕಿದಾಗ, ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ಸೌದೆಯದೇ, ಅದರಲ್ಲಿಯೂ ಅಡುಗೆಯದೇ ಎಂದು ತಿಳಿದುಬಂತು. ಸೀಮೆಎಣ್ಣೆ, ವಿದ್ಯುತ್ತುಗಳ ಪಾಲು ಅತ್ಯಲ್ಪ. ಸರ್ಕಾರದ ಯಾವ ಕಡತದಲ್ಲಿಯೂ ಇಲ್ಲದ ಶಕ್ತಿಯ ಮೇಲೆ ಹಳ್ಳಿ ಬದುಕಿತ್ತು.

ಸೌದೆಯ ವಿಷಯದಲ್ಲಿ ಮಾರ್ಗದರ್ಶಿಯ ನಿಯಮ ವಿಚಿತ್ರವಾಗಿ ತೋರಬಹುದು. ಒಂದು ಟನ್ ಸೌದೆ ಉರಿದರೆ ಸುಮಾರು 1.75 ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಆದರೆ ಅದನ್ನು ಪಕ್ಕದಲ್ಲಿ ನೆನಪಿಗೆಂದು ಬರೆದಿಡುವರೇ ಹೊರತು ಶಕ್ತಿಕ್ಷೇತ್ರದ ಮೊತ್ತಕ್ಕೆ ಕೂಡಿಸುವುದಿಲ್ಲ. ಮರವು ಗಾಳಿಯಿಂದ ಪಡೆದುದನ್ನು ಗಾಳಿಗೇ ಹಿಂದಿರುಗಿಸಿತೆಂಬುದು ತರ್ಕ. ಮರ ಕಡಿದು ಮತ್ತೆ ಬೆಳೆಸದಿದ್ದರೆ ಆ ನಷ್ಟವನ್ನು ಅರಣ್ಯ ಮತ್ತು ಭೂಬಳಕೆಯ ಪುಟದಲ್ಲಿ ಬರೆಯುತ್ತಾರೆ. ಎರಡು ಕಡೆ ಬರೆದರೆ ಒಂದೇ ಹೊಗೆ ಎರಡಾಗುತ್ತದೆ. ವರ್ಷವರ್ಷವೂ ಬೀಳುವ ತೆಂಗಿನ ಗರಿಗೆ ಈ ನಿಯಮ ಪೂರ್ಣವಾಗಿ ಸಲ್ಲುತ್ತದೆ. ಬರದಲ್ಲಿ ಒಣಗಿ ಹೋಗಿ, ಮತ್ತೆ ಸಸಿ ಇಡದ ತೋಟದ ಮರಕ್ಕೆ ಸಲ್ಲುವುದಿಲ್ಲ. ಇನ್ನು ಒಲೆಯಲ್ಲಿ ಅರೆಬರೆ ಉರಿದಾಗ ಹುಟ್ಟುವ ಮೀಥೇನನ್ನು ಮಾತ್ರ ಮೊತ್ತಕ್ಕೆ ಕೂಡಿಸಲೇಬೇಕು. ಒಂದು ಟನ್ ಸೌದೆಗೆ ಅದು ಐದು ಕಿಲೋಗ್ರಾಮಿಗೂ ಕಡಿಮೆ. ಆದರೆ ನೂರು ವರ್ಷಗಳ ಅವಧಿಯಲ್ಲಿ ಶಾಖ ಹಿಡಿಯುವುದರಲ್ಲಿ ಮೀಥೇನು ಇಂಗಾಲದ ಡೈಆಕ್ಸೈಡಿಗಿಂತ 21 ಪಟ್ಟೆಂದು 1995ರ ವರದಿಯೂ 28 ಪಟ್ಟೆಂದು 2013ರ ವರದಿಯೂ ಹೇಳಿರುವುದರಿಂದ, ಅದೇ ನೂರು ಕಿಲೋಗ್ರಾಮಿನ ಆಸುಪಾಸಿಗೆ ಸಮನಾಗುತ್ತದೆ.

ಸೌದೆಯ ಕಾಲಂನಲ್ಲಿರುವ ಆ ಸೊನ್ನೆಯನ್ನು ಕಂಡು ಹೊಗೆ ನಿರಪಾಯಕಾರಿಯೆಂದು ತಿಳಿಯಬಾರದು. ಊದುಕೊಳವೆ ಹಿಡಿದು ಕುಳಿತ ತಾಯಂದಿರ ಕಣ್ಣಿಗೂ ಶ್ವಾಸಕೋಶಕ್ಕೂ ಆಗುವ ಹಾನಿಯನ್ನು ಬರೆಯಲು ಈ ಪುಸ್ತಕದಲ್ಲಿ ಪುಟವೇ ಇಲ್ಲ. ಸೌದೆ ಬಿಟ್ಟು ಸಿಲಿಂಡರಿಗೆ ಬಂದ ಮನೆಯ ಹೆಸರಿನಲ್ಲಿ ಇಂಗಾಲದ ಡೈಆಕ್ಸೈಡಿನ ಲೆಕ್ಕ ಏರಿದಂತೆಯೇ ಕಾಣುತ್ತದೆ. ಆ ಏರಿಕೆಯನ್ನು ತೋರಿಸಿ ಬಡವರ ಅಡುಗೆಮನೆಯ ಮೇಲೆ ತಪ್ಪು ಹೊರಿಸುವ ವಾದ ಎಲ್ಲಿಯಾದರೂ ಕೇಳಿಬಂದರೆ, ಅದು ಅಂಕೆಯನ್ನು ಓದಬಲ್ಲವರ ವಾದವಲ್ಲ.

ರಾಷ್ಟ್ರದ ಮೊತ್ತಗಳನ್ನು ಈಗ ನೋಡಬಹುದು. ಅರಣ್ಯ ಮತ್ತು ಭೂಬಳಕೆಯನ್ನು ಬಿಟ್ಟು, ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಿ ಹೇಳಿದಾಗ, 1994ರಲ್ಲಿ ಭಾರತದ ಉತ್ಸರ್ಜನೆ ಸುಮಾರು 121.4 ಕೋಟಿ ಟನ್. ಅದರಲ್ಲಿ ಶಕ್ತಿಕ್ಷೇತ್ರದ ಪಾಲು ನೂರಕ್ಕೆ 61. 2020ರಲ್ಲಿ ಮೊತ್ತ 295.9 ಕೋಟಿ ಟನ್. ಶಕ್ತಿಯ ಪಾಲು ನೂರಕ್ಕೆ 75.66. ಕೋವಿಡ್ ಮಹಾಮಾರಿಯಿಂದ ರೈಲು, ಬಸ್ಸು, ಕಾರ್ಖಾನೆಗಳು ನಿಂತ ಆ ವರ್ಷ ಹಿಂದಿನ ವರ್ಷಕ್ಕಿಂತ ನೂರಕ್ಕೆ 7.93ರಷ್ಟು ಇಳಿದಿತ್ತೆಂಬುದನ್ನೂ ಜೊತೆಗೆ ಓದಬೇಕು. 2030ರ ವೇಳೆಗೆ ದೇಶದ ಉತ್ಪನ್ನದ ಒಂದೊಂದು ರೂಪಾಯಿಗೆ ತಗಲುವ ಉತ್ಸರ್ಜನೆಯನ್ನು 2005ರ ಮಟ್ಟಕ್ಕಿಂತ ನೂರಕ್ಕೆ 45ರಷ್ಟು ತಗ್ಗಿಸುವುದಾಗಿ 2022ರಲ್ಲಿ ಭಾರತ ವಚನವಿತ್ತಿದೆ. 2020ರ ವೇಳೆಗೆ 36ರಷ್ಟು ತಗ್ಗಿತೆಂದು ವರದಿ ಹೇಳುತ್ತದೆ. ವಚನ ನಡೆಯಿತೋ ಇಲ್ಲವೋ ಎಂಬುದನ್ನು ಜಗತ್ತು ನೋಡುವುದು ಈ ಪುಸ್ತಕದಲ್ಲಿಯೇ. ತಲೆಗೆ ಹಂಚಿದರೆ ನಮ್ಮದು ಸಿರಿವಂತ ರಾಷ್ಟ್ರಗಳಿಗಿಂತ ಬಹಳ ಕಡಿಮೆ ಎಂಬ ನ್ಯಾಯವಾದ ಮಾತನ್ನು ನಾವು ಸಭೆಗಳಲ್ಲಿ ಆಡುತ್ತೇವೆ. ಮಾತಿಗೆ ಬೆಲೆ ಬರಬೇಕಾದರೆ ಮೂಲದ ಅಳತೆ ಇತರರು ಪರೀಕ್ಷಿಸಿದರೂ ನಿಲ್ಲುವಂತಿರಬೇಕು.

ಮೂಲದ ಅಳತೆಯಲ್ಲಿ ಅತ್ಯಂತ ದುರ್ಬಲವಾದುದು ಸೌದೆಯದು. ನಮ್ಮ ಪ್ರಸಾದನಿಲಯದ ಉಗ್ರಾಣದ ಪುಸ್ತಕದಲ್ಲಿ ಅಕ್ಕಿ, ರಾಗಿ, ಬೇಳೆ, ಬೆಲ್ಲಗಳಿಗೆ ತೂಕದ ಕಾಲಂ ಇದೆ. ಸೌದೆಯ ಎದುರಿಗೆ ‘ಒಂದು ಗಾಡಿ’, ‘ಎರಡು ಟ್ರ್ಯಾಕ್ಟರು’ ಎಂದಷ್ಟೇ ಇರುತ್ತದೆ. ಗಾಡಿಯನ್ನು ಗುಣಕದಿಂದ ಗುಣಿಸಲಾಗದು. ಹಸಿ ಸೌದೆಯ ತೂಕದಲ್ಲಿ ಗಣನೀಯ ಪಾಲು ನೀರಿನದಾದುದರಿಂದ ಬರಿಯ ತೂಕವೂ ಸಾಲದು. ಹಸಿಯೋ ಒಣಗಿದ್ದೋ ಎಂದು ಬರೆಯಬೇಕು, ಮರದ್ದೋ ಮಟ್ಟೆಯದೋ ಎಂದೂ ಬರೆಯಬೇಕು. ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರು ಹತ್ತನೆಯ ತರಗತಿಯ ಮಕ್ಕಳಿಂದ ಒಂದು ತಿಂಗಳ ಕಾಲ ಇದನ್ನು ತೂಗಿಸಿ, ಊಟಮಾಡಿದವರ ಸಂಖ್ಯೆಯಿಂದ ಭಾಗಿಸಿ, ಸಿಲಿಂಡರಿನ ಲೆಕ್ಕದೊಡನೆ ಒಟ್ಟಿಗೆ ಇಟ್ಟರೆ, ಮುಂದಿನ ಸಂಚಿಕೆಗೆ ಒಂದು ಪುಟದ ಕೋಷ್ಟಕ ಸಿದ್ಧವಾಗುತ್ತದೆ. ಉಗ್ರಾಣದಲ್ಲಿ ತಕ್ಕಡಿ ಹೇಗೂ ಇದೆ.